ಪೈಪು ಹೊಲದ ಮೂರು ವಾರ

"ಒಂದೂವರೆ," ಎಂದ ಪೇದೆ ಒನ್ನಿ.

"ಹನ್ನೊಂದೂವರೆ ಇರಬೇಕು. ಸರಿಯಾಗಿ ನೋಡು."

"ನಾನೂ ಸ್ಕೂಲಿಗೆ ಹೋಗಿದೀನಿ ಸಿರ್ಕಾ. ಒಂದೂವರೆ ಡಿಗ್ರಿ. ನಂಬಿಕೆ ಇಲ್ದಿದ್ರೆ ಇಳಿದು ಮುಟ್ಟಿ ನೋಡಿ."

ಇನ್ಸ್‌ಪೆಕ್ಟರ್ ಸಿರ್ಕಾ ಕಾರ್ವೊನೆನ್ ಅಂಗಿಯ ತೋಳು ಮಡಚಿ ಸೊಂಟದಾಳದ ಗುಂಡಿಗೆ ಇಳಿದು, ಅದರ ಗೋಡೆಗೆ ಅಂಗೈ ಒತ್ತಿದಳು. ಜೇಡಿಮಣ್ಣು ಕೊರೆಯುತ್ತಿತ್ತು. ಅಂದು ಜೂನ್ ಹದಿನೇಳು. ನೆತ್ತಿಯ ಮೇಲೆ ಬಿಸಿಲು, ಕಿವಿಯ ಸುತ್ತ ಸೊಳ್ಳೆ, ಕಾಲುವೆಯಾಚೆ ಓಟ್ಸ್ ಪೈರು ಗೇಣುದ್ದ ಎದ್ದಿತ್ತು. ನಡುಬೇಸಿಗೆಯ ಹಬ್ಬಕ್ಕೆ ಇನ್ನು ಮೂರೇ ದಿನ. ಹಾಪಪೆರಾ ಹಳ್ಳಿಯ ಜನ ಹೊಳೆದಂಡೆಯಲ್ಲಿ ಆಗಲೇ ಹಬ್ಬದ ಬೆಂಕಿಗೆ ಸೌದೆ ಒಟ್ಟುತ್ತಿದ್ದರು.

ಹದಿನೆಂಟು ದಿನದ ಹಿಂದೆ ಇದೇ ಗುಂಡಿಯಿಂದ, ಈ ಹೊಲಕ್ಕೆ ಪೈಪು ಹಾಕಿದ್ದ ತೈಸ್ತೊನ ಹೆಣ ಎತ್ತಿದ್ದರು. ಹೊಲದ ಯಜಮಾನ ಕೌಕೊ ಪೆಲ್ತೊಲಾನೇ ಕೊಂದವನೆಂದು ಸಿರ್ಕಾ ಅವನನ್ನು ಅಂದೇ ಹಿಡಿದು ಒಳಗೆ ಹಾಕಿದ್ದಳು. ಈ ಮಧ್ಯಾಹ್ನ ಮೂರಕ್ಕೆ ಸರ್ಕಾರಿ ವಕೀಲರು ಅವನ ಮೇಲೆ ಆರೋಪಪಟ್ಟಿ ಸಲ್ಲಿಸುವವರಿದ್ದರು. ಆ ಪಟ್ಟಿಯೆಲ್ಲ ನಿಂತಿದ್ದದ್ದು ಒಂದೇ ಮಾತಿನ ಮೇಲೆ: ತೈಸ್ತೊ ಸತ್ತದ್ದು ಮೇ ತಿಂಗಳ ಎರಡನೇ ವಾರದಲ್ಲಿ.

"ಬೇಲಿ ಪಕ್ಕ ಹೋಗಿ ಅಲ್ಲೂ ಅಳೆ. ಇಷ್ಟೇ ಆಳದಲ್ಲಿ."

ಒನ್ನಿ ಮೂವತ್ತು ಹೆಜ್ಜೆ ನಡೆದು, ಕೊರೆಗೋಲು ತಿರುವಿ ತೂತು ಮಾಡಿ, ಥರ್ಮಾಮೀಟರು ಇಳಿಬಿಟ್ಟು ಕಾದ. "ಹತ್ತು," ಎಂದು ಅಲ್ಲಿಂದಲೇ ಕೂಗಿದ. ವಾಪಸು ಬಂದಾಗ ಸಿರ್ಕಾ ಇನ್ನೂ ಗುಂಡಿಯಲ್ಲೇ ನಿಂತಿದ್ದಳು.

"ಯಾಕೆ ಹಾಗೆ ಮುಖ ಮಾಡ್ತೀರಿ? ಇದು ಪೈಪು ಹೊಲ. ಪೈಪಿನ ಮೇಲಿನ ನೆಲಕ್ಕೆ ಬೇಸಿಗೆ ಬರೋದೇ ತಡ. ನಮ್ಮಮ್ಮ ಅಲ್ಲಿ ಆಲೂಗಡ್ಡೆ ಕೂಡ ಹಾಕಲ್ಲ."

"ನೆಲದ ಬಿಸಿ ನೆಲದ ಬಿಸಿ ಅಂತ ಊರೆಲ್ಲ ಹೇಳ್ತೀರಲ್ಲೋ. ಬಿಸಿ ಇರಬೇಕಲ್ವಾ?"

"ಬಿಸಿ ಎಲ್ಲಾ ಮನೆ ಒಳಗೆ ಹೋದ್ಮೇಲೆ ನೆಲಕ್ಕೇನುಳಿಯುತ್ತೆ?" ಒನ್ನಿ ಕೊರೆಗೋಲಿನ ಮಣ್ಣು ಬೂಟಿಗೆ ಬಡಿದು ಉದುರಿಸಿದ. "ಪೈಪಲ್ಲಿ ತಣ್ಣಗಿನ ನೀರು ಸುತ್ತುತ್ತೆ, ಹೆಪ್ಪುಗಟ್ಟದ ಹಾಗೆ ಸ್ಪಿರಿಟ್ ಬೆರೆಸಿದ್ದು. ಮಣ್ಣಿನ ಶಾಖ ಹೀರ್ಕೊಂಡು ಹೋಗಿ ಮನೆ ಬಿಸಿ ಮಾಡೋ ಪಂಪಿಗೆ ಕೊಡುತ್ತೆ. ಚಳಿಗಾಲ ಪೂರ್ತಿ ಹೀರಿದ್ರೆ ಪೈಪಿನ ಸುತ್ತ ಮಣ್ಣು ಹೆಪ್ಪುಗಟ್ಟುತ್ತೆ. ಸರಿಯಾಗಿ ಹಾಕಿದ್ರೆ ಮೇ ಹೊತ್ತಿಗೆ ಕರಗುತ್ತೆ. ಇಲ್ಲಿ ಆ ತೈಸ್ತೊ ಹತ್ತು ಸಾಲು ಹಾಕೋ ಕಡೆ ಆರೇ ಹಾಕಿದ. ಆರು ಸಾಲು ಹತ್ತರ ಕೆಲಸ ಮಾಡ್ಬೇಕು. ನೆಲದ ಜೀವಾನೇ ಹೀರಿಬಿಡುತ್ತೆ."

"ಇದನ್ನ ಮೊದಲೇ ಹೇಳೋಕೆ ನಿನಗೇನಾಗಿತ್ತು?"

"ನೀವು ಕೇಳ್ಲಿಲ್ಲ. ಇದೂ ಹೇಳೋ ವಿಷಯ ಅಂತ ನಂಗೆ ಹೊಳೀಲೂ ಇಲ್ಲ. ಊರಿಗೆಲ್ಲ ಗೊತ್ತಿರೋದೇ."

ಊರಿಗೆಲ್ಲ ಗೊತ್ತಿದ್ದದ್ದು ಸಿರ್ಕಾಳಿಗೆ ಗೊತ್ತಿರಲಿಲ್ಲ. ಅವಳು ತಾಂಪೆರೆ ಪಟ್ಟಣದಲ್ಲಿ ಐದನೇ ಮಹಡಿಯ ಮನೆಯಲ್ಲಿ ಬೆಳೆದವಳು. ಗೋಡೆಯ ಕೊಳವೆ ಬೆಚ್ಚಗಿದ್ದರೆ ಸಾಕು, ಆ ಬಿಸಿ ಎಲ್ಲಿಂದ ಬಂತೆಂದು ಐವತ್ತಾರು ವರ್ಷ ಯೋಚಿಸಿದವಳಲ್ಲ. ಹೆಣ ಸಿಕ್ಕ ದಿನ ವೈದ್ಯರು ಮಣ್ಣಿನ ಉಷ್ಣತೆ ಎಷ್ಟೆಂದು ಕೇಳಿದಾಗ, ಹವಾಮಾನ ಕಚೇರಿಯ ಅಂಕಿ ನೋಡಿ 'ಏಳು ಡಿಗ್ರಿ' ಎಂದು ಬರೆದು ಸಹಿ ಜಡಿದಿದ್ದಳು. ಅಂಕಿಯೇನೋ ಸರಿಯೇ. ಅದು ಬಯಲು ನೆಲದ್ದು, ಈ ಹೊಲದ್ದಲ್ಲ.

ಅಗೆಯುವ ಯಂತ್ರದವನ ಹೇಳಿಕೆಯನ್ನು ನಿನ್ನೆ ಮತ್ತೆ ಓದದಿದ್ದರೆ ಇವತ್ತೂ ಅವಳು ಇಲ್ಲಿಗೆ ಬರುತ್ತಿರಲಿಲ್ಲ. 'ಪೈಪು ಸೋರ್ತಿದೆ ಅಂತ ರಿಪೇರಿಗೆ ಕರೆದಿದ್ರು. ಮೊಳ ಆಳ ಹೋದ ಮೇಲೆ ಬಕೆಟ್ಟಿನ ಹಲ್ಲು ಕಿರ್ ಅಂತು. ಬಂಡೆ ಅಂದ್ಕೊಂಡೆ. ಬಂಡೆ ಅಲ್ಲ, ಮಣ್ಣೇ.' ಮೊದಲ ಸಲ ಓದಿದಾಗ ಅದನ್ನು ಕೆಲಸದವರ ಹರಟೆಯೆಂದು ದಾಟಿಸಿಬಿಟ್ಟಿದ್ದಳು.

ಗುಂಡಿಯಿಂದ ಮೇಲೆ ಬಂದು ವೈದ್ಯರಿಗೆ ಫೋನು ಹಚ್ಚಿದಳು.

"ಡಾಕ್ಟ್ರೇ, ತೈಸ್ತೊ ವಿಷಯ. ಮೂರು ವಾರ ಅಂದಿದ್ರಿ."

"ಏಳು ಡಿಗ್ರಿ ಮಣ್ಣಲ್ಲಿ ಮೂರು ವಾರ. ಏಳು ಅಂತ ನೀವೇ ಬರೆದು ಕೊಟ್ಟಿದ್ದು."

"ಆ ಮಣ್ಣು ಹೆಪ್ಪುಗಟ್ಟಿದ್ರೆ?"

"ಹೆಪ್ಪುಗಟ್ಟಿದ್ರೆ ಹೆಣ ಇದ್ದ ಹಾಗೇ ನಿಂತುಬಿಡುತ್ತೆ. ಮೂರು ವಾರ ಕೊಳೆತು, ಆಮೇಲೆ ಆರು ತಿಂಗಳು ಹೆಪ್ಪಲ್ಲಿ ಬಿದ್ದಿದ್ರೂ ನೋಡೋಕೆ ಮೂರು ವಾರದ್ದೇ."

"ಮುಟ್ಟಿದಾಗ ಗೊತ್ತಾಗ್ಲಿಲ್ವಾ?"

"ಒಳಗೆ ತೀರಾ ತಣ್ಣಗಿತ್ತು. ಹೆಣ ತಂದ ನಿಮ್ಮ ಗಾಡಿಯ ಫ್ರಿಜ್ಜು ಜೋರಾಗಿದೆ ಅಂದ್ಕೊಂಡೆ," ಎಂದರು ವೈದ್ಯರು. ಅವರ ದನಿಯೂ ಇಳಿದಿತ್ತು.

ಅಂದರೆ ಮೂರು ವಾರ ಎಂಬುದು ನಿಜ. ಯಾವ ಮೂರು ವಾರ ಎಂಬುದಷ್ಟೇ ತಪ್ಪು. ಸಿರ್ಕಾ ಫೋನು ಜೇಬಿಗೆ ತುರುಕಿದಳು.

"ಈ ನೆಲಕ್ಕೆ ಗುದ್ದಲಿ ಇಳಿಯೋದು ಯಾವಾಗ?"

"ನವೆಂಬರ್ ಮೊದಲ ವಾರದ ತನಕ. ಆಮೇಲೆ ಜುಲೈಗೇನೇ."

"ತೈಸ್ತೊನ ನೀನು ಕೊನೆಗೆ ನೋಡಿದ್ದು?"

"ಹೋದ ಅಕ್ಟೋಬರ್ ಹತ್ತು. ಯುವಕ ಸಂಘದಲ್ಲಿ ನನ್ ಜೊತೆ ಇಸ್ಪೀಟ್ ಆಡಿದ. ಮೋಸ ಮಾಡೇ ಗೆದ್ದ. ಮುಂದಿನ ವಾರ ನಾರ್ವೆ ಅಂದ."

ಪ್ರತಿ ಅಕ್ಟೋಬರಿಗೂ ತೈಸ್ತೊ ನಾರ್ವೆಯ ಸುರಂಗದ ಕೆಲಸಕ್ಕೆ ಹೋಗಿ, ಮೇ ಹೊತ್ತಿಗೆ ಮರಳುತ್ತಿದ್ದ. ಹಿಂದುಮುಂದಿಲ್ಲದ ಒಂಟಿ ಮನುಷ್ಯ. ನಡುವೆ ಅವನೆಲ್ಲಿದ್ದಾನೆಂದು ಕೇಳುವವರಿರಲಿಲ್ಲ. ನಾರ್ವೆಯ ಕಂಪನಿಗೆ ಬರೆದ ಪತ್ರಕ್ಕೆ ಉತ್ತರ ಬಂದಿರಲಿಲ್ಲ, ಅದರ ಬೆನ್ನು ಹತ್ತಿದವರೂ ಇಲ್ಲ. ಯಾಕೆಂದರೆ ಈ ಮೇ ಒಂದರಂದು ಅಂಗಡಿಯ ಮುಂದೆ ತೈಸ್ತೊನನ್ನು ಕಣ್ಣಾರೆ ಕಂಡೆ ಎಂದು ಒಬ್ಬರು ಬರೆದುಕೊಟ್ಟಿದ್ದರು. ಬರೆದುಕೊಟ್ಟವಳು ಕೌಕೊನ ಸೋದರತ್ತೆ ಹಿಲ್ಮಾ.

ಕೌಕೊನಿಗೆ ಕೊಲ್ಲಲು ಕಾರಣವಂತೂ ಇತ್ತು. ಎರಡು ವರ್ಷದ ಹಿಂದಿನ ಫೆಬ್ರವರಿಯಲ್ಲಿ, ಮೈನಸ್ ಮೂವತ್ತೊಂದರ ಚಳಿಯಲ್ಲಿ, ಆ ಆರು ಸಾಲಿನ ಪೈಪಿನಿಂದ ಶಾಖ ಬಾರದೆ ಪಂಪು ನಿಂತಿತ್ತು. ಬೆಳಗಾಗುವಷ್ಟರಲ್ಲಿ ಅವನ ತಾಯಿ ಹಾಸಿಗೆಯಲ್ಲೇ ಮರಗಟ್ಟಿ ಸತ್ತಿದ್ದಳು. 'ನಿನ್ನನ್ನೂ ನಿನ್ನ ಪೈಪಿನ ಪಕ್ಕದಲ್ಲೇ ಹೂಳ್ತೀನಿ' ಎಂದು ಅಂಗಡಿಯಲ್ಲಿ ಹನ್ನೊಂದು ಜನರ ಮುಂದೆ ಕೌಕೊ ತೈಸ್ತೊನಿಗೆ ಹೇಳಿದ್ದ. ಅಷ್ಟು ಸಾಕಾಗಿತ್ತು ಸಿರ್ಕಾಳಿಗೆ.

ಹಿಲ್ಮಾಗೆ ಎಪ್ಪತ್ತಮೂರು. ಕೌಕೊ ಒಳಗೆ ಹೋದಾಗಿನಿಂದ ಅವನ ಮನೆ ನೋಡಿಕೊಂಡಿದ್ದವಳು ಅವಳೇ. ಹೊಲದಿಂದ ಬಂದ ಇಬ್ಬರನ್ನೂ ಕೂರಿಸಿ, ಬೇಕೋ ಬೇಡವೋ ಎಂದು ಕೇಳದೆ ಕಾಫಿ ಸುರಿಯುತ್ತ, ಏಲಕ್ಕಿ ಬನ್ನಿನ ತಟ್ಟೆ ಮುಂದಕ್ಕೆ ತಳ್ಳಿದಳು.

"ತಿನ್ನು. ಪೇಟೆಯವರು ತಿನ್ನದೇ ತಿನ್ನದೇ ಹೀಗಾಗ್ತೀರಿ."

"ಹಿಲ್ಮಾ ಅವರೇ, ಹೋದ ಅಕ್ಟೋಬರಲ್ಲಿ ಈ ಮನೇಲಿ ಯಾರಿದ್ರು?"

ಕಾಫಿ ಸುರಿಯುತ್ತಿದ್ದ ಕೈ ನಿಂತಿತು. ಒನ್ನಿಯ ಲೋಟ ಅರ್ಧಕ್ಕೇ ಉಳಿಯಿತು.

"ಮೇ ತಿಂಗಳು ಬಿಟ್ಟು ಅಕ್ಟೋಬರಿಗ್ಯಾಕೆ ಹೋದೆ?"

"ಸುಮ್ನೆ ಕೇಳ್ದೆ."

"ಯಾರೂ ಇರ್ಲಿಲ್ಲ. ಕೌಕೊ ಹುಲ್ಲಿನ ಅಟ್ಟದಿಂದ ಬಿದ್ದು ಬೆನ್ನು ಮುರ್ಕೊಂಡು ವಾಸಾ ಪಟ್ಟಣದ ಆಸ್ಪತ್ರೇಲಿದ್ದ. ಸೆಪ್ಟೆಂಬರ್ ಇಪ್ಪತ್ತರಿಂದ ನವೆಂಬರ್ ಮಧ್ಯದ ತನಕ ಎದ್ದು ಕೂರೋಕೂ ಆಗ್ಲಿಲ್ಲ ಅವನಿಗೆ. ಮನೆಗೆ ಬೀಗ."

ಸಿರ್ಕಾಳಿಗೆ ಎದೆಯ ಮೇಲಿನ ಕಲ್ಲು ಇಳಿಸಿದ ಹಾಗಾಯಿತು. ಹದಿನೆಂಟು ದಿನ ನಿರಪರಾಧಿಯನ್ನು ಕೂಡಿಹಾಕಿದ್ದಕ್ಕೆ ನಾಚಿಕೆಯೂ ಆಯಿತು, ಇನ್ನೂ ಮೂರು ಗಂಟೆಯಾಗಿಲ್ಲ ಎಂದು ಸಮಾಧಾನವೂ ಆಯಿತು. ಒಂದೇ ಒಂದು ಕಾಗದ ಬೇಕಿತ್ತು: ಈ ನೆಲ ಹೆಪ್ಪುಗಟ್ಟಿತ್ತೆಂದು ವಕೀಲರ ಮುಂದೆ ಇಡುವಂಥದ್ದು.

"ಪಂಪಿನ ಪುಸ್ತಕ ಇರುತ್ತೆ," ಎಂದ ಒನ್ನಿ, ಬಾಯಲ್ಲಿ ಬನ್ನಿಟ್ಟುಕೊಂಡೇ. "ಎಲ್ಲರ ಮನೇಲೂ ಇರುತ್ತೆ. ಭಾನುವಾರ ಭಾನುವಾರ ಬರೀತಾರೆ."

"ಅಲ್ಲೇನಿದೆ, ಬರೀ ಮೆಷಿನ್ನು. ಧೂಳು ಬೇರೆ," ಎಂದಳು ಹಿಲ್ಮಾ. ಆದರೆ ಸಿರ್ಕಾ ಆಗಲೇ ಎದ್ದಿದ್ದಳು.

ಪಂಪಿನ ಕೋಣೆ ಬಚ್ಚಲಿನ ಪಕ್ಕದಲ್ಲಿತ್ತು. ಮೆಷಿನ್ನಿನ ಮೈಗೆ ದಾರ ಕಟ್ಟಿ ಒಂದು ನೋಟುಪುಸ್ತಕ ನೇತುಹಾಕಿದ್ದರು. ಪ್ರತಿ ಭಾನುವಾರದ ತಾರೀಖು, ಅದರ ಎದುರು ನೆಲದಿಂದ ಮರಳಿ ಬರುವ ನೀರಿನ ಉಷ್ಣತೆ. ಸೆಪ್ಟೆಂಬರಿನಲ್ಲಿ ಏಳು. ಅಕ್ಟೋಬರಿನಲ್ಲಿ ಐದು, ನಾಲ್ಕು. ನವೆಂಬರ್ ಎರಡನೇ ವಾರಕ್ಕೆ ಸೊನ್ನೆಯ ಕೆಳಗೆ. ಮಾರ್ಚ್ ಬಂದಾಗ ಮೈನಸ್ ಏಳು. ಮೇ ಇಪ್ಪತ್ತಕ್ಕೆ ಕೊನೆಯ ಸಾಲು: 'ಸೋರಿಕೆ. ನಿಲ್ಲಿಸಿದೆ.'

ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿರಲಿಲ್ಲ. ಸಿರ್ಕಾ ಪುಟಗಳ ಫೋಟೋ ತೆಗೆಯತೊಡಗಿದಳು. ಸೆಪ್ಟೆಂಬರ್ ಪುಟಕ್ಕೆ ಬಂದಾಗ ಕೈ ತಡೆಯಿತು.

ಕೌಕೊನ ಅಕ್ಷರ ಬಲಕ್ಕೆ ವಾಲಿದ್ದು, ಒರಟು. ಸೆಪ್ಟೆಂಬರ್ ಇಪ್ಪತ್ತರ ನಂತರ ಎಂಟು ಭಾನುವಾರ ಬರೆದದ್ದು ಬೇರೆ ಕೈ. ದುಂಡಗಿನ, ಅಚ್ಚುಕಟ್ಟಾದ ಅಂಕಿಗಳು. ಬೀಗ ಹಾಕಿದ ಮನೆಯಲ್ಲಿ ಯಾರೋ ಪ್ರತಿ ಭಾನುವಾರ ಈ ಮೆಷಿನ್ನಿನ ಮುಂದೆ ನಿಂತಿದ್ದರು.

ಅವಳು ಪುಸ್ತಕದ ಮೊದಲ ಪುಟಕ್ಕೆ ತಿರುವಿದಳು. ಅಲ್ಲಿ ಹೊಲದ ನಕ್ಷೆ ಇತ್ತು, ಬಣ್ಣದ ಪೆನ್ಸಿಲಿನದು. ಎಂಟು ವರ್ಷದ ಹಿಂದೆ ಊರವರೆಲ್ಲ ಮುಯ್ಯಾಳಾಗಿ ಬಂದು ಪೈಪು ಹಾಕಿದ ದಿನ ಬರೆದದ್ದು. ಯಂತ್ರ ಒಂದೇ ದಿನಕ್ಕೆ ಸಿಕ್ಕಿತ್ತೆಂದ ಒನ್ನಿ. ಆರು ಸಾಲು ಸಾಕು ಎಂದು ತೈಸ್ತೊ ಹೇಳಿದಾಗ ಕಾಫಿಗೆ ಹೊತ್ತಾಗಿತ್ತೆಂದು ಎಲ್ಲರೂ ತಲೆಯಾಡಿಸಿದ್ದರಂತೆ. ಆರು ನೀಲಿ ಗೆರೆ, ಪ್ರತಿ ಗೆರೆಗೂ ಮನೆಯ ಮೂಲೆಯಿಂದ ಎಷ್ಟು ದೂರವೆಂದು ಸೆಂಟಿಮೀಟರು ಲೆಕ್ಕದಲ್ಲಿ ಬರೆದಿತ್ತು. ಹೆಣ ಮಲಗಿಸಿದ್ದು ಮೂರನೇ ನಾಲ್ಕನೇ ಗೆರೆಯ ನಟ್ಟನಡುವೆ, ಎರಡೂ ಪೈಪಿಗೆ ಒಂದು ಗೀರೂ ಬೀಳದ ಹಾಗೆ. ನಕ್ಷೆಯ ಕೆಳಗೆ ಅದೇ ದುಂಡು ಅಕ್ಷರದಲ್ಲಿ ಬರೆದವಳ ಹೆಸರು: ವೆನ್ಲಾ, 11 ವರ್ಷ.

ವೆನ್ಲಾ ಕೌಕೊನ ಒಬ್ಬಳೇ ಮಗಳು.

"ಹುಡುಗಿ ಶನಿವಾರ ಭಾನುವಾರ ಬಂದು ಹೋಗ್ತಿದ್ಲು, ಅಷ್ಟೇ," ಎಂದಳು ಹಿಲ್ಮಾ. ಬಾಗಿಲಲ್ಲಿ ಯಾವಾಗ ಬಂದು ನಿಂತಳೋ.

"ಮನೆಗೆ ಬೀಗ ಅಂದ್ರಿ."

"ಬೀಗದ ಕೈ ಅವಳ ಹತ್ರಾನೂ ಇದೆ."

"ಮೇ ತಿಂಗಳಲ್ಲಿ ಅವಳೆಲ್ಲಿದ್ಲು?"

"ರೊವಾನಿಯೆಮಿ. ಜನವರಿಯಿಂದ ನರ್ಸಿಂಗ್ ಓದ್ತಿದಾಳೆ. ಮೇ ತಿಂಗಳಲ್ಲಿ ಒಂದು ದಿನಾನೂ ಊರಿಗೆ ಕಾಲಿಟ್ಟಿಲ್ಲ. ಬೇಕಾದ್ರೆ ಅವರ ಕಾಲೇಜಲ್ಲೇ ಕೇಳು."

ಉತ್ತರ ತಯಾರಾಗಿಯೇ ಇತ್ತು. ಮುದುಕಿ ಸತ್ತವನನ್ನು ಮೇ ಒಂದರಂದು ಯಾಕೆ ಕಂಡಳೆಂದು ಸಿರ್ಕಾಳಿಗೆ ಆಗ ಅರ್ಥವಾಯಿತು: ಕೊಲೆ ಮೇ ತಿಂಗಳದ್ದಾದರೆ ಊರಲ್ಲಿಲ್ಲದ ವೆನ್ಲಾ ಪಾರು. ಇಳಿದಿದ್ದ ಕಲ್ಲು ಮತ್ತೆ ಎದೆಯ ಮೇಲೆ ಬಂದು ಕೂತಿತು.

"ಆ ಮಾತಿಂದ ಕೌಕೊ ಒಳಗೆ ಹೋಗ್ತಾನೆ ಅಂತ ನಿಮಗೆ ಹೊಳೀಲಿಲ್ವಾ?"

"ಹೊಳೀಲಿಲ್ಲ," ಎಂದಳು ಹಿಲ್ಮಾ. "ಹೊಳೆದ ಮೇಲೆ ಅವನನ್ನೇ ಕೇಳ್ದೆ. ಸುಮ್ನಿರು ಅತ್ತೆ ಅಂದ."

ಒಂದೂವರೆಗೆ ಠಾಣೆಗೆ ಬಂದವಳು ನೇರ ಹಿಂಬದಿಯ ಕೋಣೆಗೆ ಹೋದಳು. ಕೌಕೊನನ್ನು ಕರೆತಂದು ಕೂರಿಸಿದರು. ಎತ್ತರದ ಆಳು, ನಲವತ್ತೊಂಬತ್ತು ವರ್ಷ. ಬೆನ್ನು ಬಾಗದೆ ಕುರ್ಚಿಯ ಅಂಚಿನಲ್ಲಿ ಕೂತ. ಈ ಹದಿನೆಂಟು ದಿನದಲ್ಲಿ ಪೊಲೀಸರೆದುರು ಅವನು ಆಡಿದ್ದೆಲ್ಲ ಒಂದೇ ಮಾತು, 'ಹೇಳೋಕೇನಿಲ್ಲ'.

"ನೀನು ಕೊಂದಿಲ್ಲ ಕೌಕೊ. ತೈಸ್ತೊ ಸತ್ತದ್ದು ಅಕ್ಟೋಬರಲ್ಲಿ. ಆಗ ನೀನು ವಾಸಾದಲ್ಲಿ ಮಲಗಿದ್ದೆ."

ಬಿಡುಗಡೆಯ ಸುದ್ದಿ ಕೇಳಿದವನ ಮುಖ ಅದಲ್ಲ.

"ಮೇ ಹತ್ತು," ಎಂದ. "ನಾನೇ ಕೊಂದೆ. ಬರ್ಕೊಳ್ಳಿ."

"ಹದಿನೆಂಟು ದಿನ ಇಲ್ಲದ್ದು ಈಗ ಬಾಯಿಗೆ ಬಂತಾ?"

"ಈಗ ಬಂತು."

"ಗುಂಡಿ ಯಾವುದರಲ್ಲಿ ತೋಡಿದೆ?"

"ಗುದ್ದಲೀಲಿ."

"ಮೇ ಹತ್ತಕ್ಕೆ. ಆ ಹೊಲದಲ್ಲಿ. ಗುದ್ದಲೀಲಿ."

ಕೌಕೊ ತನ್ನ ಕೈ ನೋಡಿಕೊಂಡ. ಆ ಹೊಲವನ್ನು ಅವನಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ.

"ಹಾರೆ ಇತ್ತು."

"ಮುರಿದ ಬೆನ್ನಲ್ಲಿ, ಹಾರೆ ಹಿಡಿದು, ಬಂಡೆಯಂಥ ಮಣ್ಣು ಒಡೆದೆ. ನ್ಯಾಯಾಧೀಶರು ನಂಬ್ತಾರಾ?"

"ನೀವು ಥರ್ಮಾಮೀಟರು ತೋರಿಸದಿದ್ರೆ ನಂಬ್ತಾರೆ." ಅವನು ಮೊದಲ ಸಲ ತಲೆಯೆತ್ತಿದ. "ಎಷ್ಟು ಜನಕ್ಕೆ ಗೊತ್ತು?"

"ನನಗೆ. ಒನ್ನಿಗೆ. ಡಾಕ್ಟ್ರು ಊಹಿಸಿರ್ತಾರೆ."

"ಒನ್ನಿ ನಮ್ಮೂರ ಹುಡುಗ, ಬಾಯಿ ಬಿಡಲ್ಲ. ಡಾಕ್ಟ್ರಿಗೆ ಅವರ ಹೆಸರಿನ ಚಿಂತೆ. ಉಳಿದದ್ದು ನೀವು." ದನಿ ಏರಿಸದೆ, ಬೆಳೆಯ ವಿಷಯ ಹೇಳುವವನ ಹಾಗೆ ಹೇಳುತ್ತ ಹೋದ. "ಪಂಪು ನಿಂತು ತಿಂಗಳಾಗ್ತಾ ಬಂತು. ಇನ್ನೆರಡು ವಾರ ಬಿಟ್ರೆ ಅಲ್ಲೂ ಹತ್ತು ಡಿಗ್ರಿ. ಜುಲೈ ಬಂದ್ರೆ ಆ ನೆಲ ಬೇರೆ ನೆಲದ ಹಾಗೇ. ಆಮೇಲೆ ಯಾರು ಅಳೆದ್ರೂ ಏನೂ ಸಿಗಲ್ಲ. ನೀವು ಏನೂ ಮಾಡ್ಬೇಕಾಗಿಲ್ಲ. ಸುಮ್ನಿದ್ರೆ ಸಾಕು."

"ಅವಳು ಮಾಡಿದ್ದನ್ನ ನೀನು ನೋಡಿದ್ಯಾ?"

"ನಾನೇನೂ ನೋಡಿಲ್ಲ. ಅವಳೇನೂ ಹೇಳಿಲ್ಲ. ಆಸ್ಪತ್ರೆಯಿಂದ ಬಂದಾಗ ಗುದ್ದಲಿ ತೊಳೆದು ಎಣ್ಣೆ ಸವರಿ ಇಟ್ಟಿತ್ತು. ನಮ್ಮನೇಲಿ ಗುದ್ದಲಿ ಯಾರೂ ತೊಳೆಯಲ್ಲ. ನಾನು ಕೇಳ್ಲಿಲ್ಲ."

"ಕೇಳಬೇಕಿತ್ತು."

"ನನ್ನಮ್ಮ ಸತ್ತಾಗ ನಾನು ಕಾಡಿನ ಕೆಲಸಕ್ಕೆ ಹೋಗಿದ್ದೆ. ಮನೇಲಿದ್ದದ್ದು ಅವರಿಬ್ಬರೇ. ಮನೇಲಿರೋ ಹೊದಿಕೆಯೆಲ್ಲ ಅಜ್ಜಿ ಮೇಲೆ ಹಾಕಿ, ಹದಿನೇಳರ ಹುಡುಗಿ ಅಜ್ಜೀನ ತಬ್ಕೊಂಡು ಮಲಗಿತ್ತು. ಬೆಳಿಗ್ಗೆ ನಾನು ಬಂದು ಅವಳ ಕೈ ಬಿಡಿಸ್ದೆ. ಒಂದೊಂದೇ ಬೆರಳು. ಅವಳಿಗೆ ಇನ್ನೇನು ಶಿಕ್ಷೆ ಕೊಡ್ತೀರಿ ನೀವು? ನಂಗೆ ಕೊಡಿ. ಹೂಳ್ತೀನಿ ಅಂತ ನಾನು ಹೇಗೂ ಬಾಯಲ್ಲಿ ಅಂದಿದ್ದೆ."

ಮೂವತ್ತು ವರ್ಷದ ನೌಕರಿಯಲ್ಲಿ ಸಿರ್ಕಾ ಸುಳ್ಳು ಹೇಳಿ ತಪ್ಪಿಸಿಕೊಂಡವರನ್ನು ಬೇಕಾದಷ್ಟು ನೋಡಿದ್ದಳು. ಸುಳ್ಳು ಹೇಳಿ ಸಿಕ್ಕಿಕೊಳ್ಳಲು ಕೈಮುಗಿದವನನ್ನು ನೋಡಿರಲಿಲ್ಲ. ಮೇ ಎಂದು ಈಗಾಗಲೇ ಬರೆದಾಗಿದೆ, ಸಹಿಯೂ ತನ್ನದೇ. ಈಗ ಎದ್ದು ಮನೆಗೆ ಹೋದರೂ ಯಾರೂ ಕೇಳುವುದಿಲ್ಲ. ಹಾಗೆ ಮಾಡಬೇಕೆಂದು ಅವಳಿಗೆ ನಿಜಕ್ಕೂ ಅನ್ನಿಸಿತು, ಅನ್ನಿಸಿದ್ದಕ್ಕೆ ಅವಳು ನಾಚಿಕೊಳ್ಳಲೂ ಇಲ್ಲ.

"ಯೋಚನೆ ಮಾಡ್ತೀನಿ," ಎಂದು ಹೊರಗೆ ಬಂದು ಬಾಗಿಲೆಳೆದುಕೊಂಡಳು. ಗೋಡೆಯ ಗಡಿಯಾರದಲ್ಲಿ ಎರಡೂ ಹತ್ತು.

ಪಡಸಾಲೆಯಲ್ಲಿ ಒನ್ನಿ ಕಾಯುತ್ತಿದ್ದ. ಯಾವಾಗಲೂ ಏನಾದರೊಂದು ಚೇಷ್ಟೆ ಮಾಡುವವನು ಇವತ್ತು ಗೋಡೆಗೆ ಒರಗಿ ನಿಂತಿದ್ದ.

"ಆ ಹುಡುಗಿ ಬಂದಿದಾಳೆ. ವೆನ್ಲಾ. ರೈಲಲ್ಲಿ ಬಂದು ಬೆಳಿಗ್ಗೆ ಎಂಟೂವರೆಯಿಂದ ಕೂತಿದಾಳಂತೆ. ನಾವು ನೇರ ಹೊಲಕ್ಕೆ ಹೋಗಿದ್ವಲ್ಲ, ಗೊತ್ತಾಗ್ಲಿಲ್ಲ."

"ಯಾಕಂತೆ?"

"ಅಪ್ಪ ಕೊಂದಿಲ್ಲ ಅನ್ನೋಕೆ ಸಾಕ್ಷಿ ತಂದಿದಾಳೆ. ಆಗ ಅಪ್ಪ ಆಸ್ಪತ್ರೇಲಿದ್ದ ಅಂತ ಕಾಗದ."

"ಆಗ ಅಂದ್ರೆ ಯಾವಾಗ?"

ಒನ್ನಿ ಕೈಲಿದ್ದ ನಕಲು ಪ್ರತಿ ಚಾಚಿದ. ಆಸ್ಪತ್ರೆಯ ಮೊಹರು, ಕೌಕೊನ ಹೆಸರು, ಸೆಪ್ಟೆಂಬರ್ ಇಪ್ಪತ್ತರಿಂದ ನವೆಂಬರ್ ಹದಿನಾಲ್ಕು. ಮೇಲ್ತುದಿಯಲ್ಲಿ ಠಾಣೆಯ ಮುದ್ರೆ, ಬಂದ ಸಮಯ ಎಂಟೂ ಮೂವತ್ತೈದು. ಅವರ ಥರ್ಮಾಮೀಟರು ಆ ಮಣ್ಣು ಮುಟ್ಟಿದ್ದು ಹತ್ತು ಗಂಟೆಗೆ. ಅದಕ್ಕೂ ಮೊದಲೇ, ಊರು ದೇಶವೆಲ್ಲ ಮೇ ಎನ್ನುತ್ತಿರುವಾಗ, ಹುಡುಗಿ ಅಕ್ಟೋಬರಿನ ಕಾಗದ ಹಿಡಿದುಕೊಂಡು ಬಂದಿದ್ದಳು.

"ಮೂಲ ಪ್ರತಿ ಎಲ್ಲಿ?"

"ಕೌಂಟರಿನವರು ಒಂಬತ್ತಕ್ಕೇ ಸರ್ಕಾರಿ ವಕೀಲರಿಗೆ ಕಳಿಸಿದಾರೆ," ಎಂದ ಒನ್ನಿ. "ಸಿರ್ಕಾ, ಇನ್ನೇನೂ ಮಾಡೋಕಾಗಲ್ಲ."

ಬೆಂಚಿನ ಮೇಲೆ ಕೂತಿದ್ದ ಹುಡುಗಿ ಇವರನ್ನು ಕಂಡು ಎದ್ದು ನಿಂತಳು. ಹತ್ತೊಂಬತ್ತು ವರ್ಷ, ಅಪ್ಪನ ಎತ್ತರ. ನಿದ್ದೆಯಿಲ್ಲದೆ ಕಣ್ಣು ಕೆಂಪಾಗಿದ್ದವು, ಆದರೆ ತಲೆ ಒಪ್ಪವಾಗಿ ಬಾಚಿತ್ತು.

"ಕಾಗದ ನೋಡಿದ್ರಾ? ಅಪ್ಪನ್ನ ಇವತ್ತೇ ಬಿಡ್ತೀರಲ್ವಾ?"

"ಬಿಡಬೇಕಾಗುತ್ತೆ," ಎಂದಳು ಸಿರ್ಕಾ. ಅವಳ ದನಿ ಅವಳಿಗೇ ಬೇರೆಯವರದಾಗಿ ಕೇಳಿಸಿತು. "ಅಕ್ಟೋಬರ್ ಅಂತ ನಿನಗೆ ಯಾರು ಹೇಳಿದ್ರು ಮಗು?"

ಹುಡುಗಿಯ ದನಿ ಒಳಗೆ ಕೇಳಿಸಿರಬೇಕು, ಹಿಂಬದಿಯ ಕೋಣೆಯ ಬಾಗಿಲು ದಡದಡ ಬಡಿಯತೊಡಗಿತು. ಹದಿನೆಂಟು ದಿನ ಪಿಟ್ಟೆನ್ನದ ಮನುಷ್ಯ ಗಂಟಲು ಹರಿಯುವ ಹಾಗೆ ಕೂಗುತ್ತಿದ್ದ: ಮೇ ಹತ್ತು, ನಾನೇ, ಬರ್ಕೊಳ್ಳಿ, ಮೇ ಹತ್ತು.

ವೆನ್ಲಾ ಅದನ್ನು ಕೇಳುತ್ತ ನಿಂತಳು. ಆಮೇಲೆ ಕೋಟು ಬಿಚ್ಚಿ ಬೆಂಚಿನ ಮೇಲಿಟ್ಟಳು.

"ಅಪ್ಪನಿಗೆ ಸುಮ್ಮನಿರೋಕೆ ಹೇಳಿ," ಎಂದಳು. "ಅವನನ್ನ ಮನೆಗೆ ಕಳಿಸಿ, ಎಲ್ಲಾ ಹೇಳ್ತೀನಿ. ಆ ಗುಂಡಿ ನಾನೊಬ್ಬಳೇ ತೋಡಿದ್ದಲ್ಲ."